ಕುಸುಬೆ ಎಣ್ಣೆಯ ಗುಣ ಎಲ್ಲಿ ನಿರ್ಣಯವಾಗುತ್ತದೆ?

“ಯಾವ ಎಣ್ಣೆ ಒಳ್ಳೆಯದು?” ಎಂಬುದು ವೈದ್ಯರನ್ನು ಜನರು ಮೇಲಿಂದ ಮೇಲೆ ಕೇಳುವ ಪ್ರಶ್ನೆಗಳಲ್ಲೊಂದು. ರಕ್ತದೊತ್ತಡವಿರುವವರು, ಮಧುಮೇಹಿಗಳು, ಹೃದಯದ ತೊಂದರೆ ಕಾಣಿಸಿಕೊಂಡವರು ಇದನ್ನು ವಿಶೇಷ ಕಳವಳದಿಂದ ಕೇಳುತ್ತಾರೆ. ಇದಕ್ಕೆ ಲೋಕದಲ್ಲಿ ಎರಡು ಸಿದ್ಧ ಉತ್ತರಗಳು ಹರಡಿಕೊಂಡಿವೆ. ಗಾಣದಲ್ಲಿ ತೆಗೆದ ಎಣ್ಣೆಯಾದರೆ ಎಷ್ಟು ಬಳಸಿದರೂ ದೋಷವಿಲ್ಲವೆಂಬುದು ಒಂದು. ಕುಸುಬೆ ಎಣ್ಣೆಯು ಹೃದಯಕ್ಕೆ ಔಷಧವೇ ಆಗಿದೆಯೆಂಬುದು ಇನ್ನೊಂದು. ಎರಡರಲ್ಲಿಯೂ ಸ್ವಲ್ಪ ಸತ್ಯವಿದೆ, ಪೂರ್ಣ ಸತ್ಯವಿಲ್ಲ. ಎಣ್ಣೆಯ ಮೂಲಗುಣವು ಗಾಣದಲ್ಲಾಗಲಿ ಕಾರ್ಖಾನೆಯಲ್ಲಾಗಲಿ ಹುಟ್ಟುವುದಿಲ್ಲ. ಅದು ಹೊಲದಲ್ಲಿ ನಿಂತ ಗಿಡದ ಬೀಜದೊಳಗೆ, ಹೂವು ಬಾಡಿದ ಮೇಲಿನ ಕೆಲವೇ ವಾರಗಳಲ್ಲಿ, ಕಣ್ಣಿಗೆ ಕಾಣದ ಕಿಣ್ವಗಳ ಕೆಲಸದಿಂದ ನಿರ್ಣಯವಾಗುತ್ತದೆ. ಆ ಕ್ರಮವನ್ನು ಅರಿತುಕೊಂಡರೆ ಯಾವ ಎಣ್ಣೆಯನ್ನು ಯಾವುದಕ್ಕೆ, ಎಷ್ಟು ಬಳಸಬೇಕೆಂಬ ವಿವೇಕವು ನಮಗೆ ದೊರೆಯುತ್ತದೆ. ಉತ್ತರ ಕರ್ನಾಟಕದ ಎರೆಭೂಮಿಯ ಮನೆಗಳಿಗೆ ತಲೆತಲಾಂತರದಿಂದ ಪರಿಚಿತವಾದ ಕುಸುಬೆಯನ್ನೇ ಉದಾಹರಣೆಯಾಗಿ ಇಟ್ಟುಕೊಂಡು ಇಲ್ಲಿ ಅದನ್ನು ವಿವರಿಸಿದೆ.

ಬೀಜಕ್ಕೆ ಕಟ್ಟಿಕೊಟ್ಟ ಬುತ್ತಿ

ಗಿಡವು ಎಣ್ಣೆಯನ್ನು ನಮಗಾಗಿ ತಯಾರಿಸುವುದಿಲ್ಲ. ತನ್ನ ಸಂತಾನಕ್ಕಾಗಿ ಕೂಡಿಡುತ್ತದೆ. ಮೊಳಕೆಯು ಮಣ್ಣಿನಿಂದ ಮೇಲೆದ್ದು, ಎಲೆ ಬಿಚ್ಚಿ, ಸೂರ್ಯನ ಬೆಳಕಿನಿಂದ ತನ್ನ ಆಹಾರವನ್ನು ತಾನೇ ಸಿದ್ಧಪಡಿಸಿಕೊಳ್ಳುವವರೆಗೆ ಅದಕ್ಕೆ ಬುತ್ತಿ ಬೇಕು. ಒಂದು ಗ್ರಾಂ ಪಿಷ್ಟದಲ್ಲಿ ಸುಮಾರು ೪ ಕಿಲೋಕ್ಯಾಲರಿ ಶಕ್ತಿಯಿದ್ದರೆ ಒಂದು ಗ್ರಾಂ ಎಣ್ಣೆಯಲ್ಲಿ ೯ ಕಿಲೋಕ್ಯಾಲರಿ ಇರುತ್ತದೆ. ಚಿಕ್ಕ ಬೀಜದಲ್ಲಿ ದೊಡ್ಡ ಬುತ್ತಿಯನ್ನು ಕಟ್ಟಲು ಎಣ್ಣೆಯೇ ತಕ್ಕ ಪದಾರ್ಥ. ಹಿಂಗಾರಿನಲ್ಲಿ ಎರೆಮಣ್ಣಿನ ಆಳದ ತೇವವನ್ನು ಹೀರಿ ಬೆಳೆಯುವ, ಜೋಳ ಕಡಲೆಗಳ ಹೊಲದಂಚಿಗೆ ಮುಳ್ಳಿನ ಬೇಲಿಯಂತೆ ನಿಲ್ಲುವ ಕುಸುಬೆಯ ಬೀಜದಲ್ಲಿ, ಅದರ ದಪ್ಪ ಸಿಪ್ಪೆಯನ್ನೂ ಸೇರಿಸಿದ ತೂಕದ ಶೇಕಡ ೩೦ರ ಆಸುಪಾಸಿನಷ್ಟು ಎಣ್ಣೆಯಿರುತ್ತದೆ.

ಈ ಎಣ್ಣೆಯು ಬೀಜದೊಳಗೆ ಕೊಳದಂತೆ ನಿಂತಿರುವುದಿಲ್ಲ. ಮಿಲಿಮೀಟರಿನ ಸಾವಿರದಲ್ಲೊಂದು ಭಾಗದ ಆಸುಪಾಸಿನ ಗಾತ್ರದ ಅಸಂಖ್ಯ ಹನಿಗಳಾಗಿ ಜೀವಕೋಶಗಳಲ್ಲಿ ಅಡಕವಾಗಿರುತ್ತದೆ. ಪ್ರತಿ ಹನಿಯ ಸುತ್ತಲೂ ಒಲಿಯೋಸಿನ್ ಎಂಬ ಪ್ರೋಟೀನಿನ ಕಾವಲಿರುವುದರಿಂದ ಹನಿಗಳು ಒಂದರೊಳಗೊಂದು ಸೇರಿಹೋಗುವುದಿಲ್ಲ. ಕುಸುಬಿ ಹುಗ್ಗಿ ಮಾಡುವ ತಾಯಂದಿರು ಇದನ್ನು ಕಣ್ಣಾರೆ ಕಂಡಿದ್ದಾರೆ. ಕುಸುಬಿಯನ್ನು ನೆನೆಸಿ, ರುಬ್ಬಿ, ಬಟ್ಟೆಯಲ್ಲಿ ಹಿಂಡಿದಾಗ ಎಣ್ಣೆಯು ನೀರಿನ ಮೇಲೆ ತೇಲದೆ ಬೆಳ್ಳಗೆ ಹಾಲಿನಂತೆ ಬರುತ್ತದೆಯಲ್ಲವೆ? ಆ ಬಿಳುಪಿಗೆ ಕಾರಣ, ಕವಚ ಕಳೆದುಕೊಳ್ಳದ ಈ ಎಣ್ಣೆಯ ಹನಿಗಳೇ. ಗಾಣದ ಒತ್ತಡವು ಅವುಗಳನ್ನು ಒಡೆದು ಒಂದುಗೂಡಿಸಿದಾಗ ನಾವು ಅದನ್ನು ಎಣ್ಣೆಯೆನ್ನುತ್ತೇವೆ.

ಕಿಣ್ವಗಳ ಸಾಲು

ಜೀವಕೋಶದೊಳಗೆ ನಡೆಯುವ ಪ್ರತಿಯೊಂದು ರಾಸಾಯನಿಕ ಕ್ರಿಯೆಯನ್ನೂ ನಡೆಸಿಕೊಡುವ ಪ್ರೋಟೀನುಗಳಿಗೆ ಕಿಣ್ವಗಳೆಂದು ಹೆಸರು. ಎಲೆಯಲ್ಲಿ ಸಿದ್ಧವಾದ ಸಕ್ಕರೆಯು ಬೀಜಕ್ಕೆ ಇಳಿದುಬಂದ ಮೇಲೆ ಅದು ಚೂರುಚೂರಾಗಿ, ಎರಡು ಇಂಗಾಲದ ಪರಮಾಣುಗಳ ತುಣುಕಾಗುತ್ತದೆ. ಬೀಜದ ಕೋಶಗಳಲ್ಲಿರುವ ಪ್ಲಾಸ್ಟಿಡ್ ಎಂಬ ಕೋಣೆಗಳಲ್ಲಿ ಕಿಣ್ವಗಳು ಈ ತುಣುಕುಗಳನ್ನು ಎರಡೆರಡಾಗಿ ಪೋಣಿಸುತ್ತ ಹೋಗುತ್ತವೆ. ಸರವು ೧೬ ಇಂಗಾಲಗಳಿಗೆ ಮುಟ್ಟಿದಾಗ ಅದು ಪಾಮಿಟಿಕ್ ಆಮ್ಲ. ೧೮ಕ್ಕೆ ಮುಟ್ಟಿದಾಗ ಸ್ಟಿಯರಿಕ್ ಆಮ್ಲ. ಇವು ಪರ್ಯಾಪ್ತ ಕೊಬ್ಬಿನಾಮ್ಲಗಳು, ಎಂದರೆ ಜಲಜನಕವು ತುಂಬಿಕೊಂಡಿರುವ ನೆಟ್ಟನೆಯ ಸರಗಳು. ಸ್ಟಿಯರಿಕ್ ಆಮ್ಲವು ಕರಗಬೇಕಾದರೆ ಸುಮಾರು ೭೦ ಡಿಗ್ರಿ ಸೆಲ್ಸಿಯಸ್ ಶಾಖ ಬೇಕು. ಬೀಜವು ಇದನ್ನೇ ತುಂಬಿಕೊಂಡಿದ್ದರೆ ಅದರೊಳಗೆ ಎಣ್ಣೆಯಿರದೆ ಮೇಣವಿರುತ್ತಿತ್ತು.

ಆದುದರಿಂದ ಇನ್ನೊಂದು ಕಿಣ್ವವು ಸರದ ನಡುವಿನಿಂದ ಎರಡು ಜಲಜನಕದ ಪರಮಾಣುಗಳನ್ನು ತೆಗೆದು ಅಲ್ಲೊಂದು ದ್ವಿಬಂಧವನ್ನು ಮಾಡುತ್ತದೆ. ದ್ವಿಬಂಧವಿರುವಲ್ಲಿ ಸರವು ಬಾಗುತ್ತದೆ. ಬಾಗಿದ ಸರಗಳು ಒತ್ತಾಗಿ ಕೂಡಲಾರದೆ ದ್ರವವಾಗಿ ಉಳಿಯುತ್ತವೆ. ಒಂದು ದ್ವಿಬಂಧವುಳ್ಳ ಇದಕ್ಕೆ ಒಲೀಯಿಕ್ ಆಮ್ಲವೆಂದು ಹೆಸರು. ಆ ಬಳಿಕ ಎಫ್‌ಎಡಿ-೨ ಎಂಬ ಕಿಣ್ವವು ಎರಡನೆಯ ದ್ವಿಬಂಧವನ್ನು ಮಾಡಿದರೆ ಲಿನೋಲೀಯಿಕ್ ಆಮ್ಲವೂ, ಎಫ್‌ಎಡಿ-೩ ಎಂಬ ಕಿಣ್ವವು ಮೂರನೆಯದನ್ನು ಮಾಡಿದರೆ ಆಲ್ಫಾ ಲಿನೋಲೆನಿಕ್ ಆಮ್ಲವೂ ಆಗುತ್ತವೆ. ಕಡೆಗೆ ಇಂಥ ಮೂರು ಸರಗಳನ್ನು ಗ್ಲಿಸರಾಲಿನ ಒಂದು ಕಣಕ್ಕೆ ಜೋಡಿಸುವ ಕಿಣ್ವಗಳಿವೆ. ಆ ಜೋಡಣೆಯೇ ಎಣ್ಣೆ.

ಎಲ್ಲ ಎಣ್ಣೆಕಾಳುಗಳಲ್ಲಿಯೂ ಕ್ರಮವು ಬಹುಮಟ್ಟಿಗೆ ಇದೇ ಆಗಿದೆ. ಭೇದವಿರುವುದು ಯಾವ ಕಿಣ್ವವು ಎಷ್ಟು ದುಡಿಯುತ್ತದೆಂಬುದರಲ್ಲಿ. ಶೇಂಗಾ ಬೀಜದಲ್ಲಿ ಸಾಮಾನ್ಯವಾಗಿ ಒಲೀಯಿಕ್ ಆಮ್ಲವು ಮುಂದು. ಕುಸುಬೆಯಲ್ಲಿ ಎಫ್‌ಎಡಿ-೨ ಬಿಡುವಿಲ್ಲದೆ ದುಡಿಯುವುದರಿಂದ ಲಿನೋಲೀಯಿಕ್ ಆಮ್ಲವು ಶೇಕಡ ೭೦ನ್ನು ಮೀರುತ್ತದೆ. ಅಗಸೆಯಲ್ಲಿ ಎಫ್‌ಎಡಿ-೩ರ ದುಡಿಮೆಯಿಂದ ಆಲ್ಫಾ ಲಿನೋಲೆನಿಕ್ ಆಮ್ಲವು ಅರ್ಧದಷ್ಟಿರುತ್ತದೆ.

ಮನುಷ್ಯನ ದೇಹದಲ್ಲಿ ಈ ಕಡೆಯ ಎರಡು ಕಿಣ್ವಗಳಿಲ್ಲ. ಒಲೀಯಿಕ್ ಆಮ್ಲವನ್ನು ನಾವು ತಯಾರಿಸಿಕೊಳ್ಳಬಲ್ಲೆವು, ಅದರಿಂದ ಮುಂದಿನ ಹೆಜ್ಜೆಯನ್ನಿಡಲಾರೆವು. ಅಮೆರಿಕದ ಜಾರ್ಜ್ ಬರ್ ಮತ್ತು ಮಿಲ್ಡ್ರೆಡ್ ಬರ್ ದಂಪತಿಗಳು ೧೯೨೯ರಲ್ಲಿ, ಕೊಬ್ಬಿಲ್ಲದ ಆಹಾರವನ್ನು ಉಂಡ ಇಲಿಗಳ ಬೆಳವಣಿಗೆ ಕುಂಠಿತವಾಗಿ ಚರ್ಮವು ರೋಗಗ್ರಸ್ತವಾಗುವುದನ್ನು ತೋರಿಸಿ, ಮರುವರ್ಷ ಲಿನೋಲೀಯಿಕ್ ಆಮ್ಲವು ಅತ್ಯಾವಶ್ಯಕವೆಂದು ಸಿದ್ಧಪಡಿಸಿದರು. ಆದ್ದರಿಂದ ಎಣ್ಣೆಯನ್ನು ಸಂಪೂರ್ಣವಾಗಿ ವರ್ಜಿಸುವುದು ಆರೋಗ್ಯದ ಮಾರ್ಗವಲ್ಲ.

ಒಂದೇ ಗ್ರಂಥ, ಬೇರೆ ಬೇರೆ ಅಧ್ಯಾಯ

ಕಿಣ್ವವನ್ನು ಹೇಗೆ ಕಟ್ಟಬೇಕೆಂಬ ಬರಹವು ವಂಶವಾಹಿಯಲ್ಲಿರುತ್ತದೆ. ಗಿಡದ ಬೇರು, ಎಲೆ, ಹೂವು, ಬೀಜ ಇವೆಲ್ಲವುಗಳ ಜೀವಕೋಶಗಳಲ್ಲಿಯೂ ಅದೇ ವಂಶವಾಹಿಗಳಿವೆ. ಹಾಗಿದ್ದರೆ ಎಲೆಯನ್ನು ಹಿಂಡಿದಾಗ ಎಣ್ಣೆ ಏಕೆ ಬರುವುದಿಲ್ಲ? ಒಂದೇ ಗ್ರಂಥವು ಎಲ್ಲರ ಮನೆಯಲ್ಲಿದ್ದರೂ ಒಬ್ಬೊಬ್ಬರು ಒಂದೊಂದು ಅಧ್ಯಾಯವನ್ನು ಪಾರಾಯಣ ಮಾಡುವಂತೆ, ಒಂದೊಂದು ಅಂಗವು ತನಗೆ ಬೇಕಾದ ವಂಶವಾಹಿಗಳನ್ನು ಮಾತ್ರ ಓದಿ ಅದರಂತೆ ಪ್ರೋಟೀನುಗಳನ್ನು ಕಟ್ಟುತ್ತದೆ. ಇದನ್ನೇ ವಂಶವಾಹಿಯ ಅಭಿವ್ಯಕ್ತಿ ಎನ್ನುತ್ತಾರೆ. ಯಾವ ಅಧ್ಯಾಯವನ್ನು ಎಲ್ಲಿ, ಯಾವಾಗ ತೆರೆಯಬೇಕೆಂದು ನಿಯಮಿಸುವ ಪ್ರೋಟೀನುಗಳೂ ಇವೆ.

ಇದು ಸ್ಪಷ್ಟವಾದದ್ದು ಸಾಸಿವೆಯ ಕುಟುಂಬಕ್ಕೆ ಸೇರಿದ ಅರಾಬಿಡಾಪ್ಸಿಸ್ ಎಂಬ ಪುಟ್ಟ ಕಳೆಗಿಡದಲ್ಲಿ. ೧೯೯೮ರಲ್ಲಿ ವಿಜ್ಞಾನಿಗಳು ಅದರ ಒಂದು ವಿಚಿತ್ರ ತಳಿಯನ್ನು ವರ್ಣಿಸಿದರು. ಅದರ ಬೀಜಗಳು ಸುಕ್ಕುಗಟ್ಟಿದ್ದವು, ಎಣ್ಣೆಯು ಶೇಕಡ ೮೦ರಷ್ಟು ಕಡಿಮೆಯಾಗಿತ್ತು. ಸಕ್ಕರೆಯು ಬೀಜಕ್ಕೆ ಬರುತ್ತಿದ್ದರೂ ಎಣ್ಣೆಯಾಗಿ ಮಾರ್ಪಡುತ್ತಿರಲಿಲ್ಲ. ಸುಕ್ಕು ಎಂಬ ಅರ್ಥದಲ್ಲಿಯೇ ರಿಂಕಲ್ಡ್-೧ ಎಂದು ಹೆಸರು ಪಡೆದ ಆ ವಂಶವಾಹಿಯನ್ನು ೨೦೦೪ರಲ್ಲಿ ಗುರುತಿಸಿದಾಗ, ಅದು ತಾನಾಗಿ ಎಣ್ಣೆ ಮಾಡುವ ಕಿಣ್ವದ್ದಲ್ಲವೆಂದೂ, ಸಕ್ಕರೆಯನ್ನು ಕೊಬ್ಬಿನಾಮ್ಲವಾಗಿಸುವ ಹಲವು ಕಿಣ್ವಗಳ ವಂಶವಾಹಿಗಳನ್ನು ಒಟ್ಟಿಗೆ ಎಚ್ಚರಿಸುವ ನಿಯಾಮಕ ಪ್ರೋಟೀನಿನದೆಂದೂ ತಿಳಿಯಿತು. ಕೆಲಸಗಾರರೆಲ್ಲರೂ ಇದ್ದು ಮೇಸ್ತ್ರಿಯೊಬ್ಬನು ಬಾರದಿದ್ದರೆ ಕಟ್ಟಡದ ಕೆಲಸವು ನಿಲ್ಲುವಂತೆ ಇದು.

ಒಂದು ಅಕ್ಷರವು ಬಿದ್ದುಹೋದಾಗ

ಇನ್ನು ಕುಸುಬೆಗೆ ಬರೋಣ. ಅಮೆರಿಕದ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಲ್ಲಿ ಪಾಲ್ಡನ್ ನೋಲ್ಸ್ ಎಂಬ ತಳಿವಿಜ್ಞಾನಿಯು ನಾನಾ ದೇಶಗಳ ಕುಸುಬೆ ಬೀಜಗಳನ್ನು ಕೂಡಿಸಿ ಅಭ್ಯಾಸ ಮಾಡಿದರು. ಭಾರತದಿಂದ ಹೋದ ಬೀಜಗಳಿಂದ ಆರಿಸಿದ ಕೆಲವು ಗಿಡಗಳ ಎಣ್ಣೆಯು ಉಳಿದವುಗಳಿಗಿಂತ ಭಿನ್ನವಾಗಿತ್ತು. ಸಾಮಾನ್ಯ ಕುಸುಬೆಯಲ್ಲಿ ಲಿನೋಲೀಯಿಕ್ ಆಮ್ಲವು ಎಷ್ಟಿರುತ್ತದೆಯೋ ಹೆಚ್ಚುಕಡಿಮೆ ಅಷ್ಟೇ ಪ್ರಮಾಣದಲ್ಲಿ ಅವುಗಳಲ್ಲಿ ಒಲೀಯಿಕ್ ಆಮ್ಲವಿತ್ತು. ಆ ಗುಣವನ್ನು ಆಧರಿಸಿ ಯುಸಿ-೧ ಎಂಬ ತಳಿಯು ೧೯೬೬ರಲ್ಲಿ ಹೊರಬಂದಿತು.

ಇದರ ಕಾರಣವು ಅರ್ಧ ಶತಮಾನದ ಬಳಿಕ ತಿಳಿಯಿತು. ಕುಸುಬೆಯಲ್ಲಿ ಎಫ್‌ಎಡಿ-೨ ಬಗೆಯ ವಂಶವಾಹಿಗಳ ಒಂದು ಕುಟುಂಬವೇ ಇದೆ. ಅವುಗಳಲ್ಲಿ ಎಫ್‌ಎಡಿ-೨-೧ ಎಂಬುದು ಮುಖ್ಯವಾಗಿ ಬಲಿಯುತ್ತಿರುವ ಬೀಜದಲ್ಲಿ ಓದಲ್ಪಡುತ್ತದೆ. ಒಲೀಯಿಕ್ ಹೆಚ್ಚಿರುವ ಕುಸುಬೆಯಲ್ಲಿ ಈ ವಂಶವಾಹಿಯ ನಡುವಿನಿಂದ ಒಂದೇ ಒಂದು ಅಕ್ಷರವು ಬಿದ್ದುಹೋಗಿದೆಯೆಂದು ಆಸ್ಟ್ರೇಲಿಯದ ವಿಜ್ಞಾನಿಗಳು ೨೦೧೩ರಲ್ಲಿ ಪ್ರಕಟಿಸಿದರು. ವಂಶವಾಹಿಯನ್ನು ಮೂರು ಮೂರು ಅಕ್ಷರಗಳ ಗುಂಪಾಗಿ ಓದಬೇಕಾಗುತ್ತದೆ. “ಕಮಲ ಅರಳಿ ನಗುವ ಸಮಯ” ಎಂಬ ಸಾಲಿನಿಂದ ‘ರ’ಕಾರವೊಂದನ್ನು ತೆಗೆದು ಮತ್ತೆ ಮೂರು ಮೂರಾಗಿ ಓದಿದರೆ “ಕಮಲ ಅಳಿನ ಗುವಸ ಮಯ” ಎಂದಾಗುತ್ತದೆ, ಬಿದ್ದ ಅಕ್ಷರದಿಂದ ಮುಂದಿನ ಮಾತೆಲ್ಲವೂ ಕೆಡುತ್ತದೆ. ಹಾಗೆಯೇ ಇಲ್ಲಿ ಕಿಣ್ವವು ಪೂರ್ತಿ ಕಟ್ಟಲ್ಪಡದೆ ನಿಷ್ಕ್ರಿಯವಾಗುತ್ತದೆ. ಒಲೀಯಿಕ್ ಆಮ್ಲವು ಮುಂದಿನ ಹೆಜ್ಜೆಗೆ ಹೋಗದೆ ಬೀಜದಲ್ಲಿಯೇ ಉಳಿಯುತ್ತದೆ. ಎಲೆ ಬೇರುಗಳಲ್ಲಿ ಅದೇ ಕುಟುಂಬದ ಬೇರೆ ವಂಶವಾಹಿಗಳು ಕೆಲಸ ಮಾಡುವುದರಿಂದ ಗಿಡಕ್ಕೆ ಬಾಧೆಯಾಗುವುದಿಲ್ಲ.

ನೋಲ್ಸ್ ಅವರು ಆರಿಸಿದ ಗುಣವು ನಿಸರ್ಗದಲ್ಲಿ ತಾನಾಗಿ ಆದ ಬದಲಾವಣೆ; ಅದು ಕುಲಾಂತರಿಯಲ್ಲ. ಪ್ರಯೋಗಾಲಯದಲ್ಲಿ ವಂಶವಾಹಿಗಳ ದನಿಯನ್ನು ಅಡಗಿಸಿ ಒಲೀಯಿಕ್ ಆಮ್ಲವನ್ನು ಶೇಕಡ ೯೦ಕ್ಕೂ ಮೇಲೆ ಏರಿಸಿದ ಕುಲಾಂತರಿ ಕುಸುಬೆಯೂ ಇದ್ದು, ಕೈಗಾರಿಕೆಗೆ ಬೇಕಾದ ಎಣ್ಣೆಗಾಗಿ ಅದನ್ನು ಬೆಳೆಯಲು ಆಸ್ಟ್ರೇಲಿಯದಲ್ಲಿ ೨೦೧೮ರಲ್ಲಿ ಅನುಮತಿ ದೊರೆಯಿತು. ಎರಡನ್ನೂ ಒಂದೆಂದು ಭಾವಿಸಿ ಗಾಬರಿಗೊಳ್ಳಬೇಕಾಗಿಲ್ಲ. ನಮ್ಮ ದೇಶದಲ್ಲಿ ಒಲೀಯಿಕ್ ಆಮ್ಲವು ಶೇಕಡ ೮೦ರ ಹತ್ತಿರವಿರುವ ಗಿರ್ನಾರ್-೪, ಗಿರ್ನಾರ್-೫ ಎಂಬ ಶೇಂಗಾ ತಳಿಗಳು ೨೦೨೦ರಲ್ಲಿ ರೈತರಿಗೆ ಸಮರ್ಪಿತವಾದವು. ಅಲ್ಲಿಯೂ ಮೂಲಕಾರಣವು ಎಫ್‌ಎಡಿ-೨ ಕಿಣ್ವವು ಸುಮ್ಮನಾಗಿರುವುದೇ.

ಇದೇ ಕಿಣ್ವದ ಹತ್ತಿರದ ಬಂಧುವೊಂದು ಹರಳಿನ ಬೀಜದಲ್ಲಿದೆ. ಅದು ಒಲೀಯಿಕ್ ಆಮ್ಲದಲ್ಲಿ ದ್ವಿಬಂಧವನ್ನು ಹೆಚ್ಚಿಸುವ ಬದಲು ಜಲಜನಕ-ಆಮ್ಲಜನಕಗಳ ಒಂದು ಜೋಡಿಯನ್ನು ಸೇರಿಸಿ ರಿಸಿನೋಲೀಯಿಕ್ ಆಮ್ಲವನ್ನು ಮಾಡುತ್ತದೆ. ಹರಳೆಣ್ಣೆಯ ಶೇಕಡ ೮೫ಕ್ಕೂ ಹೆಚ್ಚು ಭಾಗ ಇದೇ. ಅದರ ವಿರೇಚಕ ಗುಣವೂ ಇದರದೇ. ಕಿಣ್ವದ ಸ್ವಲ್ಪ ಭೇದದಿಂದ ಅಡುಗೆಯ ಎಣ್ಣೆಯಾಗಬೇಕಾದದ್ದು ಔಷಧದ ಎಣ್ಣೆಯಾಯಿತು. ಹರಳು ಬೀಜದಲ್ಲಿರುವ ರಿಸಿನ್ ಎಂಬ ವಿಷವು ಎಣ್ಣೆಗೆ ಬಾರದೆ ಹಿಂಡಿಯಲ್ಲಿ ಉಳಿಯುತ್ತದೆ. ಆದ್ದರಿಂದ ಬೀಜವನ್ನು ಮಕ್ಕಳ ಕೈಗೂ, ಹಿಂಡಿಯನ್ನು ದನಗಳ ಬಾಯಿಗೂ ಸಿಗದಂತೆ ಇಡುವುದು ಅವಶ್ಯ.

ಚರಕರ ಮಾತು ಮತ್ತು ಸಿಡ್ನಿಯ ಪ್ರಯೋಗ

ಚರಕಸಂಹಿತೆಯ ಸೂತ್ರಸ್ಥಾನದ ೨೫ನೆಯ ಅಧ್ಯಾಯದಲ್ಲಿ ಶ್ರೇಷ್ಠ ಹಾಗೂ ಅಹಿತಕರ ದ್ರವ್ಯಗಳ ಪಟ್ಟಿಯಿದೆ. ಸ್ಥಾವರ ಸ್ನೇಹಗಳಲ್ಲಿ, ಎಂದರೆ ಗಿಡಗಳಿಂದ ಬರುವ ಎಣ್ಣೆಗಳಲ್ಲಿ, ಎಳ್ಳೆಣ್ಣೆಗೆ ಅಗ್ರಸ್ಥಾನವನ್ನೂ ಕುಸುಬೆಯ ಎಣ್ಣೆಗೆ ಕಡೆಯ ಸ್ಥಾನವನ್ನೂ ಅಲ್ಲಿ ಕೊಡಲಾಗಿದೆ. ಅದೇ ಸ್ಥಾನದ ೨೭ನೆಯ ಅಧ್ಯಾಯದಲ್ಲಿ ಕುಸುಬೆ ಎಣ್ಣೆಯನ್ನು ಉಷ್ಣ, ಗುರು, ವಿದಾಹಿ ಎಂದು ವರ್ಣಿಸಲಾಗಿದೆ. ಆಚಾರ್ಯರು ಎಫ್‌ಎಡಿ-೨ ಕಿಣ್ವವನ್ನು ಅರಿತೇ ಹೀಗೆ ಹೇಳಿದರೆಂದು ವಾದಿಸುವುದು ಶಾಸ್ತ್ರಕ್ಕೂ ವಿಜ್ಞಾನಕ್ಕೂ ಗೌರವ ತರುವ ಮಾತಲ್ಲ. ಅವರು ದೇಹದ ಮೇಲಾಗುವ ಪರಿಣಾಮವನ್ನು ನೋಡಿ ಬರೆದರು. ಇಂದಿನವರು ಅಣುಗಳನ್ನು ನೋಡಿ ಬರೆಯುತ್ತಾರೆ. ಆದರೆ ಕುಸುಬೆ ಎಣ್ಣೆಯನ್ನು ಹೃದಯದ ದಿವ್ಯೌಷಧವೆಂದು ಕೊಂಡಾಡುವಾಗ, ನಮ್ಮದೇ ಶಾಸ್ತ್ರವು ಅಂಥ ಪದವಿಯನ್ನು ಅದಕ್ಕೆ ಕೊಟ್ಟಿಲ್ಲವೆಂಬುದನ್ನು ಮರೆಯಬಾರದು.

ಆಧುನಿಕ ಪ್ರಯೋಗವೊಂದು ಸಹ ಎಚ್ಚರಿಕೆಯನ್ನು ಹೇಳುತ್ತದೆ. ೧೯೬೬ರಿಂದ ೧೯೭೩ರವರೆಗೆ ಸಿಡ್ನಿ ನಗರದಲ್ಲಿ, ಹೃದ್ರೋಗವು ಆಗಷ್ಟೇ ಕಾಣಿಸಿಕೊಂಡಿದ್ದ ೪೫೮ ಪುರುಷರನ್ನು ಎರಡು ಗುಂಪು ಮಾಡಿ, ಒಂದು ಗುಂಪಿಗೆ ಪ್ರಾಣಿಜನ್ಯ ಕೊಬ್ಬಿನ ಬದಲು ಸಾಮಾನ್ಯ ಕುಸುಬೆ ಎಣ್ಣೆ ಮತ್ತು ಅದರಿಂದ ಮಾಡಿದ ಮಾರ್ಗರೀನನ್ನು ಧಾರಾಳವಾಗಿ ಕೊಡಲಾಯಿತು. ಅವರ ರಕ್ತದ ಕೊಲೆಸ್ಟೆರಾಲ್ ಇಳಿಯಿತು. ಆದರೆ ಹಳೆಯ ದಾಖಲೆಗಳನ್ನು ಪುನಃ ಪರಿಶೀಲಿಸಿ ೨೦೧೩ರಲ್ಲಿ ಪ್ರಕಟಿಸಿದಾಗ, ಆ ಗುಂಪಿನಲ್ಲಿ ಶೇಕಡ ೧೭.೬ ಮಂದಿಯೂ ಇನ್ನೊಂದರಲ್ಲಿ ಶೇಕಡ ೧೧.೮ ಮಂದಿಯೂ ತೀರಿಕೊಂಡಿದ್ದರೆಂದು ಕಂಡುಬಂದಿತು. ಇದು ಹೃದ್ರೋಗಿ ಪುರುಷರ ಒಂದೇ ಅಧ್ಯಯನ. ಮಾರ್ಗರೀನಿನ ಪಾತ್ರವೆಷ್ಟೆಂಬ ಚರ್ಚೆಯೂ ಇದೆ. ಬೇರೆ ಹಲವು ಅಧ್ಯಯನಗಳನ್ನು ತೂಗಿ ನೋಡಿದ ಅಮೆರಿಕದ ಹೃದಯ ಸಂಘವು ೨೦೧೭ರಲ್ಲಿ, ಪರ್ಯಾಪ್ತ ಕೊಬ್ಬಿನ ಸ್ಥಾನದಲ್ಲಿ ಸಸ್ಯಜನ್ಯ ಎಣ್ಣೆಗಳನ್ನು ಬಳಸುವುದು ಹೃದಯಕ್ಕೆ ಹಿತವೆಂದೇ ಹೇಳಿದೆ. ಎರಡನ್ನೂ ಕೂಡಿಸಿ ನೋಡಿದರೆ ನಿಲ್ಲುವ ಮಾತು ಇಷ್ಟು: ತುಪ್ಪ, ಡಾಲ್ಡಾಗಳ ಬದಲು ಮಿತವಾಗಿ ಬಳಸುವ ಎಣ್ಣೆಯು ಆಹಾರ, ಒಳ್ಳೆಯದೆಂದು ಧಾರಾಳವಾಗಿ ಸುರಿದುಕೊಳ್ಳುವ ಎಣ್ಣೆಯು ಔಷಧವಲ್ಲ.

ಮನೆಯಲ್ಲಿ ಪಾಲಿಸಬೇಕಾದವು

ದ್ವಿಬಂಧಗಳು ಹೆಚ್ಚಿದಷ್ಟೂ ಎಣ್ಣೆಯು ಗಾಳಿಯ ಆಮ್ಲಜನಕಕ್ಕೆ ಬೇಗ ತುತ್ತಾಗುತ್ತದೆ. ಲಿನೋಲೀಯಿಕ್ ಆಮ್ಲವು ಒಲೀಯಿಕ್ ಆಮ್ಲಕ್ಕಿಂತ ಸುಮಾರು ಹತ್ತು ಪಟ್ಟು ಬೇಗ ಕೆಡುತ್ತದೆ. ಆಲ್ಫಾ ಲಿನೋಲೆನಿಕ್ ಆಮ್ಲವು ಇನ್ನೂ ಬೇಗ. ಕಮಟು ವಾಸನೆಯೆಂದು ನಾವು ಹೇಳುವುದು ಇದನ್ನೇ. ಈ ಒಂದು ತತ್ತ್ವದಿಂದಲೇ ಮುಂದಿನ ಸೂಚನೆಗಳೆಲ್ಲವೂ ಹೊರಡುತ್ತವೆ.

ಊರ ಗಾಣದಿಂದ ತಂದ ಕುಸುಬೆ ಎಣ್ಣೆಯನ್ನು, ಅದು ಯಾವ ತಳಿಯ ಬೀಜದ್ದೆಂದು ತಿಳಿಯದಿದ್ದರೆ, ಲಿನೋಲೀಯಿಕ್ ಹೆಚ್ಚಿರುವ ಸಾಮಾನ್ಯ ಬಗೆಯೆಂದೇ ತಿಳಿಯಬೇಕು. ಒಗ್ಗರಣೆಗೆ, ಪಲ್ಯಕ್ಕೆ, ಚಟ್ನಿಪುಡಿಯ ಮೇಲೆ ಹಾಕಿಕೊಳ್ಳಲು ಅದು ಯೋಗ್ಯ, ಕರಿಯಲು ಯೋಗ್ಯವಲ್ಲ. ಹದಿನೈದು ದಿನಕ್ಕೆ ಬೇಕಾದಷ್ಟನ್ನೇ ತಂದು, ಬೆಳಕು ಬೀಳದ ತಂಪು ಜಾಗದಲ್ಲಿ, ಬಾಯಿ ಬಿಗಿದ ಪಾತ್ರೆಯಲ್ಲಿಡಬೇಕು. ಗಾಣದ ಎಣ್ಣೆಯಲ್ಲಿ ಪರಿಮಳವೂ ಇ ಜೀವಸತ್ವವೂ ಹೆಚ್ಚು ಉಳಿದಿರುತ್ತವೆ, ನಿಜ. ಆದರೆ ಕೊಬ್ಬಿನಾಮ್ಲಗಳ ಪ್ರಮಾಣವನ್ನು ಗಾಣವು ಬದಲಿಸಲಾರದು; ಕ್ಯಾಲರಿಯನ್ನೂ ಇಳಿಸಲಾರದು.

ಅಂಗಡಿಯ ಎಣ್ಣೆಯಾದರೆ ಚೀಟಿಯನ್ನು ಓದಬೇಕು. ಏಕ ಅಪರ್ಯಾಪ್ತ ಕೊಬ್ಬು ಹೆಚ್ಚೆಂದು ಬರೆದಿದ್ದರೆ ಅದು ಒಲೀಯಿಕ್ ಬಗೆ. ಬಹು ಅಪರ್ಯಾಪ್ತ ಕೊಬ್ಬು ಹೆಚ್ಚೆಂದಿದ್ದರೆ ಲಿನೋಲೀಯಿಕ್ ಬಗೆ. ಮಿಶ್ರತೈಲವಾಗಿದ್ದರೆ ಯಾವ ಎಣ್ಣೆ ಶೇಕಡ ಎಷ್ಟಿದೆಯೆಂದು ನಮೂದಿಸಬೇಕೆಂಬ ನಿಯಮವಿದೆ. ಮಿಶ್ರಣದಲ್ಲಿ ಒಂದು ಎಣ್ಣೆಯು ಶೇಕಡ ೨೦ರಷ್ಟಿದ್ದರೂ ಸಾಕಾಗುವುದರಿಂದ, ಮೇಲೆ ಕುಸುಬೆ ಹೂವಿನ ಚಿತ್ರವಿದ್ದರೂ ಒಳಗಿನ ಬಹುಭಾಗ ಬೇರೆಯದಾಗಿರಬಹುದು.

ಕರಿಯುವುದಕ್ಕೆ ಶೇಂಗಾ ಎಣ್ಣೆಯೋ ಒಲೀಯಿಕ್ ಹೆಚ್ಚಿರುವ ಎಣ್ಣೆಯೋ ತಾಳಿಕೆಯುಳ್ಳದ್ದು. ಹಾಗಿದ್ದರೂ ಒಮ್ಮೆ ಕರಿದ ಎಣ್ಣೆಯನ್ನು ಮತ್ತೆ ಮತ್ತೆ ಕಾಯಿಸಬಾರದು. ಜಾತ್ರೆಯಲ್ಲಿ ಬಜ್ಜಿ ಮಿರ್ಚಿಗಳನ್ನು ಕರಿಯುವವರೂ, ದಾಸೋಹದ ಅಡುಗೆಮನೆಯಲ್ಲಿ ಸೇವೆ ಮಾಡುವವರೂ ಇದನ್ನು ವಿಶೇಷವಾಗಿ ಗಮನಿಸಬೇಕು. ಕಾಯಿಸಿದ ಎಣ್ಣೆಯಲ್ಲಿ ಕೆಟ್ಟ ಸಂಯುಕ್ತಗಳ ಒಟ್ಟು ಪ್ರಮಾಣವು ಶೇಕಡ ೨೫ನ್ನು ಮೀರಿದರೆ ಅದನ್ನು ಬಳಸಕೂಡದೆಂಬ ನಿಯಮವು ೨೦೧೮ರಿಂದ ನಮ್ಮ ದೇಶದಲ್ಲಿ ಜಾರಿಯಲ್ಲಿದೆ. ಮನೆಯಲ್ಲಿ ಅಳೆಯುವ ಸಾಧನವಿಲ್ಲದಿದ್ದರೂ ಬಣ್ಣ ಕಪ್ಪಾದದ್ದು, ನೊರೆ ನಿಲ್ಲುವುದು, ಎಣ್ಣೆ ಜಿಗುಟಾದದ್ದು ಇವೇ ಸಾಕಾದ ಸೂಚನೆಗಳು.

ಕುಸುಬೆಯಲ್ಲಿ ಆಲ್ಫಾ ಲಿನೋಲೆನಿಕ್ ಆಮ್ಲವು ಇಲ್ಲವೆನ್ನುವಷ್ಟು ಕಡಿಮೆ. ಆ ಕೊರತೆಯನ್ನು ಅಗಸಿ ಚಟ್ನಿಯು ತುಂಬುತ್ತದೆ. ದಿನಕ್ಕೆ ಒಂದೆರಡು ಚಮಚ ಸಾಕು. ಪುಡಿಯನ್ನು ವಾರಕ್ಕೆ ಸಾಲುವಷ್ಟೇ ಮಾಡಿಕೊಂಡು ಮುಚ್ಚಿಡಬೇಕು.

ಎಲ್ಲಕ್ಕಿಂತ ಮುಖ್ಯವಾದದ್ದು ಅಳತೆ. ಕುಳಿತು ಕೆಲಸ ಮಾಡುವ ವಯಸ್ಕರಿಗೆ ದಿನಕ್ಕೆ ೨೦ರಿಂದ ೨೫ ಗ್ರಾಂ ಎಣ್ಣೆ ಸಾಕೆಂಬುದು ಹೈದರಾಬಾದಿನ ರಾಷ್ಟ್ರೀಯ ಪೋಷಣ ಸಂಸ್ಥೆಯ ಸಲಹೆ. ನಾಲ್ಕು ಜನರ ಮನೆಗೆ ಇದು ತಿಂಗಳಿಗೆ ಹೆಚ್ಚೆಂದರೆ ೩ ಕಿಲೋ, ಎಂದರೆ ಮೂರೂಕಾಲು ಲೀಟರು. ತುಪ್ಪ ಬೆಣ್ಣೆಗಳೂ ಈ ಲೆಕ್ಕದೊಳಗೇ ಸೇರಬೇಕು. ಈ ತಿಂಗಳು ತಮ್ಮ ಮನೆಯಲ್ಲಿ ಎಷ್ಟು ಎಣ್ಣೆ ಖರ್ಚಾಯಿತೆಂದು ಸದ್ಭಕ್ತರು ಒಮ್ಮೆ ಬರೆದಿಟ್ಟು ನೋಡಬೇಕೆಂದು ಕೋರುತ್ತೇನೆ. ಹೃದ್ರೋಗಿಗಳು ಮತ್ತು ಮಧುಮೇಹಿಗಳಿಗೆ ಇನ್ನೊಂದು ಮಾತು: ಎಣ್ಣೆಯನ್ನು ಬದಲಿಸಿದೆವೆಂಬ ಧೈರ್ಯದಿಂದ, ವೈದ್ಯರು ಕೊಟ್ಟ ಮಾತ್ರೆಗಳನ್ನು ತಾವಾಗಿ ನಿಲ್ಲಿಸಬಾರದು. ಬೀಜದೊಳಗಿನ ಕಿಣ್ವಗಳು ನಮ್ಮ ಅಧೀನದಲ್ಲಿಲ್ಲ. ಬೀಜದ ಆಯ್ಕೆ, ಒಲೆಯ ಉರಿ, ಚಮಚದ ಅಳತೆ ಈ ಮೂರು ನಮ್ಮ ಅಧೀನದಲ್ಲಿವೆ.